ಸೊಟ್ಟ ಪಕ್ಕೆಲುಬು

ಮೂರು ಸಲ ಊದಬೇಕು. ಮೂರೂ ಒಂದೇ ಸಮ ಬರಬೇಕು. ಅದು ನಿಯಮ.

ನನ್ನ ಗಂಡ ಕೊಳವೆಗೆ ತುಟಿ ಒತ್ತಿ ಊದಿದರು. ಪರದೆಯ ಮೇಲೆ ಗೆರೆಯೊಂದು ಎದ್ದು ಅರ್ಧ ದಾರಿಯಲ್ಲೇ ಕವುಚಿಬಿತ್ತು. ಎರಡನೆಯ ಸಲ ಕೆಮ್ಮು ಬಂತು. ಅದು ನಿಲ್ಲಲು ಕಾಲು ಗಂಟೆ ಹಿಡಿಯಿತು. ಮೂರನೆಯ ಸಲ ಊದುವಾಗ ಪ್ಯಾಂಟು ಒದ್ದೆಯಾಯಿತು. ನಾನು ಕೈಚೀಲ ಅಡ್ಡ ಹಿಡಿದೆ. ಪರೀಕ್ಷೆ ಮಾಡುವ ಹುಡುಗಿ ಮುಖ ಆ ಕಡೆ ತಿರುಗಿಸಿಕೊಂಡು ಕಾಗದದ ಮೇಲೆ ಬರೆದಳು. ಅದನ್ನು ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿದೆ. ಮೂರು ಸಲದ ಅಳತೆ ತಾಳೆಯಾಗುತ್ತಿಲ್ಲ. ಅರ್ಜಿದಾರರ ಪ್ರಯತ್ನ ಸಾಲದು. ಪರೀಕ್ಷೆ ಅಮಾನ್ಯ.

ಉಸಿರಿಲ್ಲ ಎಂದು ರುಜುವಾತು ಮಾಡುವುದಕ್ಕೆ ಮೂರು ಸಲಕ್ಕೆ ಆಗುವಷ್ಟು ಉಸಿರು ಇರಬೇಕು. ಈ ನಿಯಮ ಬರೆದವನು ಯಾರೋ ಗೊತ್ತಿಲ್ಲ. ಅವನ ಎದೆ ಚೆನ್ನಾಗಿದ್ದಿರಬೇಕು.

ನನ್ನ ಗಂಡ ಇಪ್ಪತ್ತೆರಡು ವರ್ಷ ಗಣಿಯೊಳಗೆ ಬಂಡೆ ಕೊರೆದವರು. ಜೊತೆಯವರು ಅವರನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಇಳಿಯುವಾಗ ಶುರು ಮಾಡಿದ ಮಾತು ಹತ್ತಿ ಬರುವಾಗಲೂ ಮುಗಿದಿರುತ್ತಿರಲಿಲ್ಲವಂತೆ. ಈಗ ಬಚ್ಚಲಿಗೆ ಹೋಗಿ ಬರಲು ಎರಡು ಸಲ ಕೂರಬೇಕು. ಆ ಹತ್ತು ಹೆಜ್ಜೆಯ ದಾರಿಯಲ್ಲಿ ಒಂದು ಸ್ಟೂಲು ಇಟ್ಟಿದ್ದೇನೆ. ಮಲಗುವುದು ಅವರಿಗಿಲ್ಲ. ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಹಣೆ. ಹಾಗೇ ಬೆಳಗು ಮಾಡುತ್ತಾರೆ. ಯಾರಾದರೂ ಹೇಗಿದ್ದೀಯ ಎಂದರೆ, ರೇಡಿಯೋ ಸರಿ ಇದೆ, ಬ್ಯಾಟರಿ ವೀಕು, ಎನ್ನುತ್ತಾರೆ. ಅಷ್ಟು ಹೇಳುವುದಕ್ಕೆ ಮೂರು ಕಡೆ ನಿಲ್ಲುತ್ತಾರೆ.

ನಮಗೆ ಬೇಕಾಗಿದ್ದದ್ದು ಒಂದು ಚೀಟಿ. ಇದು ಗಣಿಯ ಧೂಳಿನಿಂದ ಬಂದ ಕಾಯಿಲೆ ಎಂದು ವೈದ್ಯಕೀಯ ಮಂಡಳಿ ಬರೆದುಕೊಡುವ ಚೀಟಿ. ಅದಿದ್ದರೆ ಕಂಪನಿಯ ಆಸ್ಪತ್ರೆ ಆಕ್ಸಿಜನ್ ಯಂತ್ರವನ್ನು ಮನೆಗೇ ಕಳಿಸುತ್ತದೆ. ಇಲ್ಲದವರು ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಒಬ್ಬೊಬ್ಬರಿಗೆ ಎರಡು ಗಂಟೆ ಗಾಳಿ. ಆಮೇಲೆ ಮೂಗಿನ ಮೇಲಿನ ಮಾಸ್ಕು ಬಿಚ್ಚಿ ಪಕ್ಕದವನಿಗೆ ಹಾಕುತ್ತಾರೆ. ಬಿಚ್ಚುವ ಹೊತ್ತಿಗೆ ನನ್ನ ಗಂಡ ಕೈ ಅಡ್ಡ ತರುವುದಿಲ್ಲ. ಬೆರಳು ಮಾತ್ರ ಹಾಸಿಗೆಯ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ.

ನನಗೆ ಓದು ಹೆಚ್ಚಿಲ್ಲ. ಕೇಳಿಸಿಕೊಳ್ಳುವುದು ಗೊತ್ತು. ನಮ್ಮಪ್ಪ ದಿನಾ ಸಂಜೆ ದೇವರ ಮುಂದೆ ಕೂತು ಪದ್ಯ ಹೇಳುತ್ತಿದ್ದ. ಅಣ್ಣ ಮತ್ತು ನಾನು ಎದುರಿಗೆ ಕೂತು ಕೇಳಬೇಕು. ಅಪ್ಪ ಅರ್ಥ ಹೇಳಿದ್ದು ಕಡಿಮೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ತೆಗೆದುಕೊಳ್ಳಬಾರದು, ಅದನ್ನು ಕಲಿಸಿದ. ಅಡ್ಡಾದಿಡ್ಡಿ ಉಸಿರು ಬಿಟ್ಟರೆ ದೇವರ ಹೆಸರು ಎರಡು ತುಂಡಾಗುತ್ತದೆ, ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಅಪ್ಪನ ಪಕ್ಕ ಕೂತು ನಾಲ್ಕು ಸಾಲನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅಪ್ಪ ನಕ್ಕು, ಅಳಿಯಂದಿರು ದೇವರನ್ನೂ ಓಡಿಸ್ತಾರೆ, ಎಂದಿದ್ದ. ಹದಿನೈದು ವರ್ಷದ ಹಿಂದೆ ಆ ನಾಲ್ಕು ಸಾಲಿಗೆ ಎರಡು ಉಸಿರು ಬೇಕಾಯಿತು. ಐದು ವರ್ಷದ ಹಿಂದೆ ಸಾಲಿಗೊಂದು. ಈಗ ಪದಕ್ಕೊಂದು. ಯಾವ ಯಂತ್ರಕ್ಕೂ ಮುಂಚೆ ನನ್ನ ಕಿವಿಗೆ ಗೊತ್ತಿತ್ತು.

ಕೈಗೂ ಗೊತ್ತಿತ್ತು. ಅವರ ಬಟ್ಟೆ ಒಗೆದವಳು ನಾನು. ಬಕೆಟ್ಟಿಗೆ ಹಾಕಿದ ಕೂಡಲೇ ನೀರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನೀರು ಚೆಲ್ಲಿದರೆ ತಳದಲ್ಲಿ ಕೆಸರು. ಒಣಗಿದರೆ ಸಿಮೆಂಟಿನ ಹಾಗೆ ಗಟ್ಟಿ. ಚಮಚದಿಂದ ಕೆರೆದು ತೆಗೆಯುತ್ತಿದ್ದೆ. ಕೊರೆಯುವ ಮೆಷೀನಿಗೆ ನೀರಿನ ಪೈಪು ಇರಬೇಕಂತೆ, ಧೂಳು ಏಳದ ಹಾಗೆ. ಪೈಪು ಇತ್ತು. ನೀರು ಬಿಟ್ಟರೆ ಕೆಲಸ ನಿಧಾನ ಎಂದು ಮೇಸ್ತ್ರಿ ಬಿಡಗೊಡುತ್ತಿರಲಿಲ್ಲ. ಬಂಡೆಯ ಧೂಳು ಬಟ್ಟೆಗೆ ಅಷ್ಟು ಕೂತರೆ ಬಾಯೊಳಗೆ ಎಷ್ಟು ಹೋಗಿರಬೇಕು. ಆ ಬಕೆಟ್ಟನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಮಂಡಳಿ ಎಂದರೆ ಇಬ್ಬರು. ನಡುವೆ ಅಧ್ಯಕ್ಷರು, ಅವರ ಬಲಕ್ಕೆ ಡಾಕ್ಟರು. ಮೂಲೆಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಮೇಲೆ ದೊಡ್ಡ ಫ್ಯಾನು. ಅದು ತಿರುಗುವಾಗ ಎಷ್ಟು ಸದ್ದೆಂದರೆ, ನನ್ನ ಗಂಡ ಹೇಳಿದ್ದೆಲ್ಲ ನಾನು ಇನ್ನೊಮ್ಮೆ ಜೋರಾಗಿ ಹೇಳಬೇಕಾಗುತ್ತಿತ್ತು.

ಡಾಕ್ಟರು ಫೈಲಿನಿಂದ ಎರಡು ಎಕ್ಸ್‌ರೇ ಹೊರತೆಗೆದರು. ಹೊಸದು ಈ ತಿಂಗಳದ್ದು. ಎದೆ ತುಂಬ ಬಿಳಿ ಚುಕ್ಕೆ, ಹಿಟ್ಟು ಚೆಲ್ಲಿದ ಹಾಗೆ. ಹಳೆಯದು ಎರಡು ವರ್ಷದ ಹಿಂದಿನದು, ಗಣಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯದು. ಅದರ ವರದಿಯ ಕೆಳಗಿನ ಸಹಿ ಈ ಡಾಕ್ಟರದ್ದೇ. ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಧೂಳಿನ ಕಾಯಿಲೆ ಕೂತು ಬೆಳೆಯಲು ಹತ್ತು ಹದಿನೈದು ವರ್ಷ ಬೇಕು, ಎರಡೇ ವರ್ಷದಲ್ಲಿ ಹೀಗಾಗುವುದಿಲ್ಲ, ಹಾಗಾಗಿ ಇದು ಧೂಳಿನದಲ್ಲ, ಕ್ಷಯವೋ ಮತ್ತೊಂದೋ ಇರಬೇಕು, ಎಂದರು. ಸಿಗರೇಟು ಸೇದುತ್ತಿದ್ದರಾ ಎಂದು ಕೇಳಿದರು. ನನ್ನ ಗಂಡ ತಲೆಯಾಡಿಸಿ ಇಲ್ಲ ಎಂದರು. ಡಾಕ್ಟರು ಗುಮಾಸ್ತನಿಗೆ, ಇಲ್ಲ ಅಂತ ಹೇಳ್ತಾರೆ ಅಂತ ಬರ್ಕೊಳ್ಳಿ, ಎಂದರು.

ಡಾಕ್ಟರು ಹಳೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಿದ್ದರು. ನಾನು ಅದನ್ನೇ ನೋಡುತ್ತಿದ್ದೆ. ಎಡಗಡೆ, ಕೆಳಗಿನಿಂದ ಐದನೆಯ ಪಕ್ಕೆಲುಬು. ನಡುವೆ ಮುರಿದು ಕೂಡಿಕೊಂಡಿತ್ತು. ಕೂಡಿದ ಜಾಗದಲ್ಲಿ ಹಗ್ಗಕ್ಕೆ ಗಂಟು ಹಾಕಿದ ಹಾಗೆ ಉಬ್ಬು.

ಆ ಉಬ್ಬು ನನಗೆ ಗೊತ್ತು. ನನಗೆ ಏಳು ವರ್ಷ. ಗೋಡೆಯಾಚೆಯ ಮರದ ಹಣ್ಣು ಬೇಕೆಂದು ಹಟ ಮಾಡಿದ್ದೆ. ಅಣ್ಣ ಗೋಡೆ ಹತ್ತಿ, ಜಾರಿ, ಕಲ್ಲುರಾಶಿಯ ಮೇಲೆ ಬಿದ್ದ. ಎರಡು ತಿಂಗಳು ಅವನ ಎದೆಗೆ ಬಟ್ಟೆ ಸುತ್ತಿಟ್ಟಿದ್ದರು. ಬಿಚ್ಚಿದ ದಿನ ನನ್ನ ಕೈ ಹಿಡಿದು ಅಲ್ಲಿ ಮುಟ್ಟಿಸಿ, ನೋಡು, ನಿನ್ನ ಹಣ್ಣು ಇಲ್ಲೇ ಸಿಕ್ಕಿಕೊಂಡಿದೆ, ಎಂದಿದ್ದ.

ನನ್ನ ಗಂಡನ ಹೆಸರಿನ ಫೈಲಿನಲ್ಲಿ ಇದ್ದದ್ದು ನಮ್ಮಣ್ಣನ ಎದೆ.

ಮನೆಗೆ ಬಂದು, ದಿಂಬಿನ ಮೇಲೆ ಅವರ ಹಣೆ ಇಡಿಸಿ, ಬೆನ್ನು ನೀವುತ್ತ ಕೇಳಿದೆ. ಅವರು ತಲೆ ಎತ್ತದೆಯೇ ಹೇಳಿದರು. ಹೇಳಿ ಮುಗಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಕಾಯಿಲೆಗೆ ದರ್ಜೆಗಳಿದ್ದವು. ಎಕ್ಸ್‌ರೇಯಲ್ಲಿ ನಾಲ್ಕು ಚುಕ್ಕೆ ಕಂಡರೆ ಕೆಲಸಕ್ಕೆ ಅನರ್ಹ ಎಂದು ಮನೆಗೆ ಕಳಿಸುತ್ತಿದ್ದರು. ಆದರೆ ಚೀಟಿ ಕೊಡಲು ನಾಲ್ಕು ಚುಕ್ಕೆ ಸಾಲದು, ದರ್ಜೆ ಮೇಲೇರಬೇಕು. ಅಂದರೆ ಕೆಲಸ ಕಳೆದುಕೊಳ್ಳುವಷ್ಟು ಕಾಯಿಲೆ ಇರುತ್ತದೆ, ಚೀಟಿ ಸಿಗುವಷ್ಟು ಇರುವುದಿಲ್ಲ. ನಡುವಿನ ವರ್ಷಗಳಲ್ಲಿ ಏನು ತಿನ್ನಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಕೊರೆಯುವವರು ತಾವೇ ಒಂದು ದಾರಿ ಮಾಡಿಕೊಂಡಿದ್ದರು. ತಪಾಸಣೆಯ ವ್ಯಾನು ಗಣಿಯ ಬಾಗಿಲಿಗೆ ಬರುತ್ತಿತ್ತು. ಅಂಗಿ ಬಿಚ್ಚಿ ಸಾಲು ನಿಲ್ಲಬೇಕು. ವ್ಯಾನಿನವನು ಮುಖ ನೋಡುತ್ತಿರಲಿಲ್ಲ, ಕೈಯಲ್ಲಿನ, ಕೆಲಸಗಾರನ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ನೋಡುತ್ತಿದ್ದ. ಬಿಲ್ಲೆಯ ನಂಬರು ಬರೆದುಕೊಳ್ಳುತ್ತಿದ್ದ.

ನಮ್ಮಣ್ಣ ಗಣಿಯ ಮೇಲಿನ ಕೆಲಸದವನು. ಜನರನ್ನು ಕೆಳಗಿಳಿಸಿ ಮೇಲೆತ್ತುವ ಪಂಜರದ ಎಂಜಿನ್ ನಡೆಸುತ್ತಾನೆ. ಧೂಳು ಕಂಡ ಎದೆಯಲ್ಲ. ಅವನು ಮೊದಲು ತನ್ನ ಬಿಲ್ಲೆ ಹಿಡಿದು ನಿಲ್ಲುತ್ತಿದ್ದ. ಆಮೇಲೆ ನನ್ನ ಗಂಡನ ಬಿಲ್ಲೆ. ಆಮೇಲೆ ಇನ್ನು ಮೂವರದ್ದು. ಅವನು ಸಾಲಿನಲ್ಲಿ ಐದು ಸಲ ನಿಲ್ಲುತ್ತಿದ್ದದ್ದನ್ನು ನೋಡಿ ಜೊತೆಯವರೆಲ್ಲ ತಮಾಷೆ ಮಾಡುತ್ತಿದ್ದರಂತೆ, ರೇಡಿಯೋ ಭಾವನ ಎದೆ ಸರಕಾರಿ ಬಾವಿ ಇದ್ದ ಹಾಗೆ, ಯಾರು ಬೇಕಾದ್ರೂ ಸೇದಬಹುದು ಎಂದು. ವ್ಯಾನು ಬರಲು ಶುರುವಾದ ವರ್ಷದಿಂದ ಹೀಗೆ ಏಳು ವರ್ಷ. ಆ ಮೂವರಲ್ಲಿ ಇಬ್ಬರು ಈಗಿಲ್ಲ. ಒಬ್ಬನಿಗೆ ಕ್ಷಯ ಎಂದು ಬರೆದರು. ಇನ್ನೊಬ್ಬನಿಗೆ ಹೃದಯ ಎಂದು ಬರೆದರು.

"ಭಾವನ ಹೆಸರು ಹೇಳ್ಬೇಡ," ಎಂದರು ನನ್ನ ಗಂಡ. "ನಾನೇ ಬೇಡ್ಕೊಂಡಿದ್ದು."

ನಾನು ಹೇಳುವುದಿಲ್ಲ ಎಂದೆ. ಮೂರು ದಿನ ಹೇಳದೆ ಇದ್ದೆ. ನಾಲ್ಕನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ಸಿಲಿಂಡರು ಮುಗಿದಿತ್ತು. ಸಾಲಿನಲ್ಲಿದ್ದವರನ್ನೆಲ್ಲ ನಾಳೆ ಬನ್ನಿ ಎಂದರು. ಅಂದು ನನ್ನ ಗಂಡನ ತುಟಿ ಶಾಯಿ ಕುಡಿದ ಹಾಗೆ ನೀಲಿಯಾಗಿತ್ತು. ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಹೋದೆ.

ಅಣ್ಣ ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ನಾನು ಕೇಳುವ ಮೊದಲೇ ಅವನಿಗೆ ಗೊತ್ತಾಯಿತು. ಬ್ರಷ್ಷು ನಿಂತಿತು. ಅತ್ತಿಗೆ ಒಳಗಿನಿಂದ ಬಂದಳು. ಅವನಿಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಈಗ ಸುಳ್ಳು ಬಿಲ್ಲೆ ಹಿಡಿದೆ ಎಂದು ಒಪ್ಪಿಕೊಂಡರೆ ಕೆಲಸದಿಂದ ತೆಗೆದೇ ತೆಗೆಯುತ್ತಾರೆ, ಪಿಂಚಣಿ ಇಲ್ಲ, ಕಂಪನಿಯ ಮನೆಯೂ ಇಲ್ಲ. ಅತ್ತಿಗೆ ಇದನ್ನೆಲ್ಲ ಸಿಟ್ಟು ಮಾಡದೆ ಹೇಳಿದಳು. ಕೊನೆಗೆ ಒಂದು ಮಾತು ಹೇಳಿದಳು.

"ನಿನ್ನ ಗಂಡನಿಗೆ ಗಾಳಿ ಕೊಡ್ಸೋಕೆ ನನ್ನ ಗಂಡನ್ನ ಬೀದಿಗೆ ತರ್ತೀಯಾ?"

ಅವಳು ಕೆಟ್ಟವಳಲ್ಲ. ನನ್ನ ಎರಡು ಬಾಣಂತನ ಮಾಡಿದವಳು.

ಅಣ್ಣ ಬೂಟು ಕೆಳಗಿಟ್ಟ. "ದಿನಾ ಅವರನ್ನ ಕೆಳಗೆ ಇಳ್ಸಿದೋನು ನಾನೇ ಕಣೇ," ಎಂದ. "ಮೂರು ಸಲ ಗಂಟೆ ಹೊಡೆದ್ರೆ ಪಂಜರದಲ್ಲಿ ಮನುಷ್ಯರಿದ್ದಾರೆ ಅಂತ ಅರ್ಥ. ಮೂವತ್ತು ವರ್ಷ ಅದೊಂದನ್ನ ತಪ್ಪು ಕೇಳಿಸ್ಕೊಳ್ಳಲಿಲ್ಲ. ಆ ವ್ಯಾನಿನ ಮುಂದೆ ಈ ತಪ್ಪು ಮಾಡ್ದೆ."

ನಾನು ಮತ್ತೆ ಕೇಳಲಿಲ್ಲ. ನೀರು ಕುಡಿದು ಎದ್ದು ಬಂದೆ.

ಮಂಡಳಿಯ ಮರುಪರಿಶೀಲನೆಯ ದಿನ ನನ್ನ ಗಂಡನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಪಕ್ಕದ ಮನೆಯವರು ಮೆಟ್ಟಿಲು ಹತ್ತಿಸಿದರು. ಅವರ ತೂಕ ಈಗ ಹೊರಲು ಕಷ್ಟವಲ್ಲ. ಒಳಗೆ ಅದೇ ಫ್ಯಾನು, ಅದೇ ಸದ್ದು. ಅಧ್ಯಕ್ಷರು ಹೊಸ ದಾಖಲೆ ಏನಾದರೂ ಇದೆಯಾ ಎಂದರು. ನಾನು ಇಲ್ಲ ಎನ್ನಬೇಕು ಎನ್ನುವಷ್ಟರಲ್ಲಿ ಬಾಗಿಲು ಸರಿಯಿತು.

ಅಣ್ಣ ಬಂದ. ಕೆಲಸದ ಸಮವಸ್ತ್ರದಲ್ಲಿದ್ದ. ಬೂಟು ಹೊಳೆಯುತ್ತಿತ್ತು. ಯಾರಿಗೂ ನಮಸ್ಕಾರ ಹೇಳಲಿಲ್ಲ. ಮೇಜಿನ ಮುಂದೆ ನಿಂತು ಗುಂಡಿ ಒಂದೊಂದಾಗಿ ಬಿಚ್ಚಿದ. ಅಂಗಿ ಮಡಿಸಿ ಬೆಂಚಿನ ಮೇಲಿಟ್ಟ. ಬನಿಯನ್ ತೆಗೆದ. ಅರವತ್ತು ಮುಟ್ಟುತ್ತಿರುವ ಗಂಡಸು, ಎದೆಯ ಮೇಲೆ ಬಿಳಿ ಕೂದಲು, ಅಷ್ಟು ಜನರ ಮುಂದೆ ಬರಿಮೈಯಲ್ಲಿ ನಿಂತ. ಗುಮಾಸ್ತ ಎದ್ದ. ಅಧ್ಯಕ್ಷರು ಇದೇನು ಎಂದರು.

"ಆ ಎಕ್ಸ್‌ರೇ ನನ್ನದು," ಎಂದ ಅಣ್ಣ. "ಇಲ್ಲಿ ಮುಟ್ಟಿ ನೋಡಿ."

ಯಾರೂ ಮುಟ್ಟಲಿಲ್ಲ. ಡಾಕ್ಟರು ಹಳೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅದನ್ನೂ ಅಣ್ಣನನ್ನೂ ನೋಡಿದರು. ಅಣ್ಣ ಉಳಿದ ನಂಬರುಗಳನ್ನೂ ಹೇಳಿದ. ಬಿಲ್ಲೆಯ ನಂಬರು, ವರ್ಷ, ಎಲ್ಲ ಬಾಯಲ್ಲೇ ಇತ್ತು. ಗುಮಾಸ್ತ ಕಪಾಟಿನಿಂದ ಆ ಫೈಲುಗಳನ್ನು ತೆಗೆದ. ಡಾಕ್ಟರು ಕಿಟಕಿಯ ಹತ್ತಿರ ಹೋಗಿ ಒಂದಾದ ಮೇಲೊಂದು ಹಿಡಿದರು. ಸತ್ತವನ ಎದೆ. ಸತ್ತ ಇನ್ನೊಬ್ಬನ ಎದೆ. ಇದ್ದವನ ಎದೆ. ಅಣ್ಣನದೇ ಫೈಲಿನ ಎದೆ. ಐದು ಎದೆಯಲ್ಲೂ ಎಡಗಡೆ ಅದೇ ಪಕ್ಕೆಲುಬು, ಅದೇ ಗಂಟು.

ಡಾಕ್ಟರು ಕಿಟಕಿಯಿಂದ ಈ ಕಡೆ ತಿರುಗಲಿಲ್ಲ. ನಾನು ಅಂತಹ ಜಾಗದಲ್ಲಿ ಮಾತಾಡಿದವಳಲ್ಲ. ಅಂದು ಮಾತಾಡಿದೆ.

"ಏಳು ವರ್ಷ ಐದು ಜನರ ಎದೇಲಿ ಒಂದೇ ಮೂಳೆ ಮುರಿದಿತ್ತು. ನೀವೇ ಸಹಿ ಹಾಕಿದ್ದೀರಿ. ಒಂದು ಸಲಾನೂ ನೋಡ್ಲಿಲ್ಲವಾ?"

ಸುಳ್ಳು ಬಿಲ್ಲೆ ಹಿಡಿದದ್ದು ತಪ್ಪು, ನನಗೂ ಗೊತ್ತು. ದೇವರ ಮುಂದೆ ಅದಕ್ಕೆ ತಪ್ಪೊಪ್ಪಿಕೊಂಡಿದ್ದೇನೆ. ನೋಡುವ ಕೆಲಸಕ್ಕೆ ಸಂಬಳ ತೆಗೆದುಕೊಂಡು ನೋಡದೆ ಬಿಟ್ಟವರು ಯಾರ ಮುಂದೆ ಒಪ್ಪಿಕೊಳ್ಳುತ್ತಾರೆ.

ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಗುಮಾಸ್ತನಿಗೆ ಹೇಳಿ ಬರೆಸಿದರು. ಹಳೆಯ ಎಕ್ಸ್‌ರೇಗಳು ಅರ್ಜಿದಾರರವಲ್ಲವಾದ್ದರಿಂದ ಅವುಗಳನ್ನು ಪರಿಗಣಿಸುವಂತಿಲ್ಲ. ನನಗೆ ಒಂದು ಕ್ಷಣ ಎದೆ ಹಗುರಾಯಿತು. ಅವರು ಮುಂದುವರಿಸಿದರು. ಹಳೆಯ ಎಕ್ಸ್‌ರೇಗಳೇ ಇಲ್ಲವಾದ್ದರಿಂದ ಕಾಯಿಲೆ ಸೇವೆಯಲ್ಲಿದ್ದಾಗ ಶುರುವಾಯಿತೆಂದು ಹೇಳಲು ಆಧಾರವಿಲ್ಲ. ಹೊಸ ಎಕ್ಸ್‌ರೇಯಲ್ಲಿನ ಚುಕ್ಕೆಗಳು ಬೇರೆ ಕಾಯಿಲೆಯವೂ ಆಗಿರಬಹುದು. ಊದುವ ಪರೀಕ್ಷೆ ಅಮಾನ್ಯವಾಗಿದೆ. ಅರ್ಜಿ ರುಜುವಾತಾಗಿಲ್ಲ. ವಂಚನೆಯ ಬಗ್ಗೆ ಕಂಪನಿಗೆ ವರದಿ ಹೋಗತಕ್ಕದ್ದು.

ಅಣ್ಣನ ಎದೆ ಇದ್ದಾಗ ಅದು ನಮ್ಮ ವಿರುದ್ಧ ಸಾಕ್ಷಿ. ಅದನ್ನು ತೆಗೆದ ಮೇಲೆ, ಇಲ್ಲದಿರುವುದೇ ನಮ್ಮ ವಿರುದ್ಧ ಸಾಕ್ಷಿ.

ಅಣ್ಣ ಬನಿಯನ್ ಹಾಕಿಕೊಳ್ಳಲು ಹೋದ. ಕೈ ತೋಳಿನೊಳಗೆ ಹೋಗದೆ ತಡವರಿಸಿತು. ನಾನು ಹೋಗಿ ಹಾಕಿದೆ. ಬೆರಳಿಗೆ ಆ ಗಂಟು ಸಿಕ್ಕಿತು.

ಅಧ್ಯಕ್ಷರು ಕೆಟ್ಟ ದನಿಯ ಮನುಷ್ಯರಲ್ಲ. ಮೆತ್ತಗೆ, ಇನ್ನೊಂದು ದಾರಿ ಇದೆ, ಎಂದು ಒಂದು ಕಾಗದ ಮುಂದೆ ತಳ್ಳಿದರು. ರೋಗಿ ತೀರಿಕೊಂಡ ಮೇಲೆ ಶ್ವಾಸಕೋಶ ಕೊಯ್ದು ನೋಡುತ್ತಾರೆ. ಒಳಗೆ ಕಲ್ಲು ಕಂಡರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಚೀಟಿ ತಾನಾಗಿ ಬರುತ್ತದೆ. ಈಗಲೇ ಒಪ್ಪಿಗೆ ಬರೆದುಕೊಟ್ಟರೆ ಆಗ ನಿಮಗೆ ಓಡಾಟ ತಪ್ಪುತ್ತದೆ, ಎಂದರು. ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಟ್ಟರು.

ನನ್ನ ಗಂಡ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಪೂರ್ತಿ ಓದಿದರು. ಓದುವಾಗ ಅವರ ತುಟಿ ಅಲ್ಲಾಡುತ್ತದೆ. ಓದಿ ಮುಗಿಸಿ ಅದನ್ನು ಬೋರಲಾಗಿ ಮೇಜಿನ ಮೇಲಿಟ್ಟರು. ಅದರ ಮೇಲೆ ಎರಡು ಕೈ ಜೋಡಿಸಿ, ಕೈಯ ಮೇಲೆ ಹಣೆ ಇಟ್ಟರು. ಮನೆಯಲ್ಲಿ ದಿಂಬಿನ ಮೇಲೆ ಇಡುವ ಹಾಗೆಯೇ.

"ಸತ್ರೆ ನಂಬ್ತೀರಿ," ಎಂದರು. ಉಸಿರು ತೆಗೆದುಕೊಂಡರು. "ಹಾಗಾದ್ರೆ ಇಲ್ಲೇ ಇರ್ತೀನಿ." ಮತ್ತೆ ತೆಗೆದುಕೊಂಡರು. "ನಿಮಗೂ ಓಡಾಟ ತಪ್ಪತ್ತೆ."

ನಾನು ಅದನ್ನೇ ಜೋರಾಗಿ ಮತ್ತೊಮ್ಮೆ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಅಧ್ಯಕ್ಷರು ಹಾಗೆಲ್ಲ ಕೂರುವಂತಿಲ್ಲ ಎಂದರು. ಇವರು ತಲೆ ಎತ್ತಲಿಲ್ಲ. ಮುಂದಿನ ಅರ್ಜಿಯವರು ಹೊರಗೆ ಕಾಯುತ್ತಿದ್ದಾರೆ ಎಂದರು. ನಾನು, ಅವರನ್ನೂ ಕರೀರಿ, ಜಾಗ ಇದೆ, ಎಂದು ನನ್ನ ಗಂಡನ ಪಕ್ಕ ಕುರ್ಚಿ ಎಳೆದು ಕೂತೆ. ಮೂರು ಗಂಟೆಯಾಯಿತು. ನಾಲ್ಕಾಯಿತು. ಅವರು ಆಳುಗಳನ್ನು ಕರೆಸಿದರು. ಬಂದವರಿಬ್ಬರೂ ಗಣಿಯ ಹಳೆಯ ಕೆಲಸಗಾರರ ಮಕ್ಕಳು. ಅವರು ಕುರ್ಚಿಯ ಹತ್ತಿರ ಬಂದು, ಇವರ ಬೆನ್ನು ಏರಿಳಿಯುವುದನ್ನು ನೋಡಿ, ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ನಿಂತುಬಿಟ್ಟರು.

ಐದಕ್ಕೆ ಅಧ್ಯಕ್ಷರು ಚೀಲ ಎತ್ತಿಕೊಂಡು ಗುಮಾಸ್ತನಿಗೆ ಸನ್ನೆ ಮಾಡಿದರು. ಸೆಕೆಗೆ ತಾವಾಗಿ ಏಳಲಿ ಎಂದು ಗುಮಾಸ್ತ ಫ್ಯಾನು ಆರಿಸಿದ.

ಫ್ಯಾನಿನ ರೆಕ್ಕೆಗಳು ನಿಧಾನವಾದವು. ನಿಂತವು.

ಆಗ ಕೇಳಿಸಿತು. ತುಂಬಿದ ಜಲ್ಲಿಯ ಚೀಲವನ್ನು ನೆಲದ ಮೇಲೆ ಎಳೆದ ಹಾಗೆ ಒಳಗೆ ಹೋಗುವ ಉಸಿರು. ಸೀಟಿ ಹಾಕುತ್ತ ಹೊರಬರುವ ಉಸಿರು. ನಡುವೆ ಏನೂ ಇಲ್ಲದ ಒಂದು ಖಾಲಿ. ಈ ಖಾಲಿಯಲ್ಲಿಯೇ ನಾನು ಎರಡು ವರ್ಷದಿಂದ ಬದುಕಿದ್ದೇನೆ. ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಕಾಯುತ್ತ ಸೌಟು ಹಿಡಿದು ನಿಂತಿದ್ದೇನೆ, ಬಟ್ಟೆ ಹಿಂಡುವುದನ್ನು ನಿಲ್ಲಿಸಿದ್ದೇನೆ. ಈಗ ಆ ಕೋಣೆಯಲ್ಲಿದ್ದವರೆಲ್ಲ ಕಾದರು. ಬಾಗಿಲ ಬಳಿ ಅಧ್ಯಕ್ಷರು ನಿಂತರು. ಕಿಟಕಿಯ ಬಳಿ ಡಾಕ್ಟರ ಕೈಯಲ್ಲಿದ್ದ ಎಕ್ಸ್‌ರೇ ಸಣ್ಣಗೆ ಸದ್ದು ಮಾಡಿತು. ಉಸಿರು ಬಂತು. ಮತ್ತೆ ಖಾಲಿ.

ಅಧ್ಯಕ್ಷರು ಫ್ಯಾನು ಹಾಕಿ ಎಂದರು.

ಗುಮಾಸ್ತ ಸ್ವಿಚ್ಚಿಗೆ ಕೈ ಚಾಚಿದ. ಅಣ್ಣ ಅವನಿಗಿಂತ ಮೊದಲು ಹೋಗಿ, ಸ್ವಿಚ್ಚಿನ ಮೇಲೆ ಅಂಗೈ ಇಟ್ಟು ಗೋಡೆಗೆ ಒತ್ತಿ ಹಿಡಿದ. ಅಂಗಿಯ ಗುಂಡಿ ಇನ್ನೂ ಹಾಕಿರಲಿಲ್ಲ.

"ಬೇಡ ಸ್ವಾಮಿ," ಎಂದ. "ಕೇಳಿಸ್ಕೊಳ್ಳಿ."

ನನ್ನ ಗಂಡ ಹಣೆ ಎತ್ತಲಿಲ್ಲ. ಅಪ್ಪ ಹೇಳುತ್ತಿದ್ದ ಪದ್ಯದ ಮೊದಲ ಸಾಲು ಶುರು ಮಾಡಿದರು. ಒಂದು ಪದ. ಉಸಿರು. ಇನ್ನೊಂದು ಪದ. ಉಸಿರು. ದೇವರ ಹೆಸರಿನ ನಡುವೆ ಉಸಿರು ಬಿಟ್ಟಿತು. ಹೆಸರು ಎರಡು ತುಂಡಾಯಿತು. ನಾನು ಎರಡನೆಯ ತುಂಡು ಬರುವುದನ್ನು ಕಾಯುತ್ತ ಕೂತೆ. ಅಣ್ಣ ಗೋಡೆಯಿಂದ ಕೈ ತೆಗೆಯಲಿಲ್ಲ.